ಯಾಕೋಬಣ್ಣ ಮತ್ತೆ ಕಂಬ ಹತ್ತಿದ ದಿನ

೧೯೮೧ರಲ್ಲಿ ನಾನು ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸರ್ ಆಗಿ ಶಿರಹಟ್ಟಿ ಸೀಮೆಯ ಒಂದು ಸಣ್ಣ ಸಬ್‌ಸ್ಟೇಷನ್ನಿಗೆ ಬಂದೆ. ಊರಿನ ಹೆಸರು ಬೇಡ. ಈ ಕಥೆಯಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಸುತ್ತಮುತ್ತ ಇದ್ದಾರೆ.

ನಾನು ಬೆಟಗೇರಿಯ ನೇಕಾರರ ಓಣಿಯವನು. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಹೊತ್ತು ಮುಳುಗಿದ ಮೇಲೆಯೇ ಏಳುತ್ತಿದ್ದ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಇದ್ದದ್ದು ಒಂದೇ ಪ್ಯಾಂಟು. ಅದನ್ನು ಒಗೆದ ದಿನ ರೂಮು ಬಿಟ್ಟು ಹೊರಗೆ ಬರುವ ಹಾಗಿರಲಿಲ್ಲ. ಯಾರ ಹಂಗೂ ಇಲ್ಲದೆ ಮೇಲೆ ಬಂದೆನೆಂಬ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ. ಮುಚ್ಚಿಟ್ಟು ಏನು ಮಾಡಲಿ? ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದು ನನ್ನ ತಲೆಗೆ ಇಳಿಯಲು ತಡವಾದದ್ದು ಅದರಿಂದಲೇ.

ನಮ್ಮ ಕೆಲಸದಲ್ಲಿ ‘ಲೈನ್ ಕ್ಲಿಯರ್’ ಅಂತ ಒಂದು ಪದ್ಧತಿ ಇದೆ. ಎಲ್.ಸಿ. ಎನ್ನುತ್ತೇವೆ. ಲೈನ್‌ಮನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನ ಆಪರೇಟರನನ್ನು ಎಲ್.ಸಿ. ಕೇಳಬೇಕು. ಆಪರೇಟರ್ ಆ ಲೈನಿನ ಹ್ಯಾಂಡಲ್ ಇಳಿಸಿ ಕರೆಂಟು ತೆಗೆದು, ‘ಲೈನಿನ ಮೇಲೆ ಮಂದಿ ಇದ್ದಾರೆ’ ಎಂಬ ಕೆಂಪು ಹಲಗೆ ತೂಗುಹಾಕಿ, ‘ಕೊಟ್ಟೀನಿ’ ಎನ್ನಬೇಕು. ಲೈನ್‌ಮನ್ ಇಳಿದು ಬಂದು ಎಲ್.ಸಿ. ಮರಳಿಸುವವರೆಗೆ ಆ ಹ್ಯಾಂಡಲ್ ಮುಟ್ಟುವಂತಿಲ್ಲ. ಇಷ್ಟೇ. ಆದರೆ ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಒಬ್ಬ ಮನುಷ್ಯ ಬರಿಗೈ ಹಾಕುವುದು, ಎರಡು ಮೂರು ಮೈಲಿ ಆಚೆ ಕೂತ ಇನ್ನೊಬ್ಬನ ಆ ಒಂದು ಮಾತಿನ ಮೇಲೆ.

ನಾನು ಬಂದ ವರ್ಷವೇ ಆ ಮಾತು ತಪ್ಪಿತು. ಒಂದೇ ಲೈನಿನ ಮೇಲೆ ಅಂದು ಎರಡು ಗುಂಪುಗಳು ಬೇರೆ ಬೇರೆ ಕಡೆ ಕೆಲಸ ಮಾಡುತ್ತಿದ್ದವು. ಎರಡೂ ಗುಂಪಿಗೆ ಎಲ್.ಸಿ. ಕೊಟ್ಟವನು ಶೇಷಗಿರಿ ಎಂಬ ಆಪರೇಟರ್. ಆದರೆ ಇದ್ದ ಹಲಗೆ ಒಂದೇ. ಮಧ್ಯಾಹ್ನ ಮೊದಲನೆಯ ಗುಂಪು ಬಂದು ಎಲ್.ಸಿ. ಮರಳಿಸಿತು. ಶೇಷಗಿರಿ ಹಲಗೆ ತೆಗೆದ, ಹ್ಯಾಂಡಲ್ ಎತ್ತಿದ. ಎರಡನೆಯ ಗುಂಪಿನ ಲೈನ್‌ಮನ್ ಯಾಕೋಬ ಇನ್ನೂ ಕಂಬದ ಮೇಲೇ ಇದ್ದ. ಅಂಥ ಹೊತ್ತಿಗೆ ಕಾಪಾಡಲೆಂದು ತಂತಿಗೂ ನೆಲಕ್ಕೂ ಬಿಗಿಯುವ ಅರ್ಥಿಂಗ್ ಚೈನು ಸೆಕ್ಷನ್ನಿಗೆಲ್ಲ ಒಂದೇ ಇತ್ತು, ಅದು ಅಂದು ಮೊದಲನೆಯ ಗುಂಪಿನ ಕೈಯಲ್ಲಿತ್ತು. ಕರೆಂಟು ಹೊಡೆದು ಯಾಕೋಬ ಸೊಂಟದ ಬೆಲ್ಟಿನಲ್ಲಿ ತಲೆ ಕೆಳಗಾಗಿ ನೇತಾಡಿದ. ಜೀವ ಉಳಿಯಿತು. ಎಡಗೈಯ ಎರಡು ಬೆರಳು ಹೋದವು, ಮೊಣಕೈವರೆಗೆ ತೊಗಲು ಸುಟ್ಟಿತು.

ಇಬ್ಬರ ಬಗ್ಗೆಯೂ ಒಂದು ಮಾತು. ಯಾಕೋಬ ಬೆಟಗೇರಿಯ ಕ್ರಿಶ್ಚಿಯನ್ ಓಣಿಯವನು, ನಮ್ಮ ಮನೆಯಿಂದ ಕೂಗಳತೆ ದೂರ. ಅವನ ಅಜ್ಜನೂ ನಮ್ಮವರ ಹಾಗೆ ನೇಯುವವನೇ. ನಗಿಸುವ ಮನುಷ್ಯ, ಕಂಬದ ಮೇಲಿಂದಲೂ ಚೇಷ್ಟೆ ಮಾಡುತ್ತಿದ್ದ. ಶೇಷಗಿರಿ ಕುರ್ತಕೋಟಿಯವನು, ಗುಡಿಯ ಪೂಜೆಯ ಮನೆತನ. ಡ್ಯೂಟಿಗೆ ಬರುವಾಗ ಅಂಗಿಯ ಗುಂಡಿ ಕೊರಳತನಕ ಹಾಕಿ, ಹಣೆಗೆ ಗಂಧ ಇಟ್ಟು ಬರುತ್ತಿದ್ದ. ಹನ್ನೊಂದು ವರ್ಷದ ಸರ್ವಿಸಿನಲ್ಲಿ ಒಂದು ತಪ್ಪಿಲ್ಲ. ಎರಡು ಹೆಣ್ಣುಮಕ್ಕಳು.

ವಿಚಾರಣೆಯಲ್ಲಿ ನಾನು ಕಂಡದ್ದನ್ನು ಹೇಳಿದೆ. ಜೊತೆಗಾರ ರಜೆ ಹಾಕಿದ್ದರಿಂದ ಶೇಷಗಿರಿ ಸತತ ಎರಡನೆಯ ಡ್ಯೂಟಿ ಮಾಡುತ್ತಿದ್ದ. ಹಲಗೆ ಒಂದು, ಚೈನು ಒಂದು. ಸಾಮಾನು ಕೊಡದೆ ಮನುಷ್ಯನನ್ನು ಹಿಡಿದರೆ ಹೇಗೆ? ಮೇಲಿನವರು ಒಂದು ಇನ್‌ಕ್ರಿಮೆಂಟ್ ತಡೆದು ಅವನನ್ನು ಮತ್ತೆ ಡ್ಯೂಟಿಗೆ ಬಿಟ್ಟರು. ಕೇಸು ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಲೈನ್‌ಮನ್‌ಗಳ ಮೇಸ್ತ್ರಿ ಫಕೀರಪ್ಪ ನನ್ನ ಟೇಬಲ್ಲಿನ ಮುಂದೆ ನಿಂತು ನೆಟ್ಟಗೆ ಹೇಳಿದ:

‘ಶೇಷಗಿರಿ ಎಲ್.ಸಿ. ಮ್ಯಾಲೆ ನಮ್ಮ ಹುಡುಗರು ಕಂಬ ಹತ್ತೂದಿಲ್ರಿ ಸಾಹೇಬ್ರ. ಬೇಕಾದ್ರ ನೀವ ಹತ್ರಿ, ನಾ ಕೆಳಗ ಏಣಿ ಹಿಡೀತೀನಿ.’

ಶೇಷಗಿರಿಯ ಸ್ಥಿತಿ ಇನ್ನೂ ಕಷ್ಟ. ಹ್ಯಾಂಡಲ್ ಎತ್ತಿ ಲೈನಿಗೆ ಕರೆಂಟು ಬಿಡು ಎಂದರೆ ಅಂಗಳದಲ್ಲಿ ಸುತ್ತು ಹಾಕುತ್ತ, ‘ಎಲ್ಲಾರೂ ಇಳದಾರೇನ್ರಿ? ಖರೇನ ಇಳದಾರೇನ್ರಿ?’ ಎಂದು ಕೇಳುತ್ತ ನಿಲ್ಲುತ್ತಿದ್ದ. ಊರಿಗೆ ಊರೇ ಕತ್ತಲಲ್ಲಿ ನಮ್ಮನ್ನು ಬಯ್ಯುತ್ತಿತ್ತು. ಆಮೇಲಾಮೇಲೆ ಊಟ ಬಿಟ್ಟ. ಸುಗ್ಗಿಯಾದ ಮೇಲೆ ಜೋಳದ ಚೀಲ ಹೊರಿಸಿ ಯಾಕೋಬನ ಮನೆಗೆ ಕಳಿಸತೊಡಗಿದ; ಎದುರಿಗೆ ಹೋಗುವ ಧೈರ್ಯವಿಲ್ಲ, ಆಳಿನ ಕೈಯಲ್ಲಿ.

ಅದೇ ಸುಮಾರಿಗೆ ಇಲಾಖೆ ನಮ್ಮನ್ನು ಹುಬ್ಬಳ್ಳಿಯಲ್ಲಿ ಒಂದು ತರಬೇತಿಗೆ ಕರೆಯಿತು. ದೂರದಿಂದ ಬಂದ ತರಬೇತುದಾರರು ಮೂರು ದಿನ ‘ಸೆಲ್ಫ್ ಎಸ್ಟೀಮ್’ ಬಗ್ಗೆ ಹೇಳಿದರು. ತನ್ನ ಬೆಲೆ ತಾನೇ ಅರಿತುಕೊಳ್ಳುವುದು, ತನ್ನನ್ನು ತಾನು ಮೆಚ್ಚಿಕೊಳ್ಳುವುದು. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ನಾನು ಸಮರ್ಥ, ನಾನು ಒಳ್ಳೆಯವನು’ ಎಂದು ಗಟ್ಟಿಯಾಗಿ ಹೇಳಿಕೊಳ್ಳಬೇಕು. ನನಗೆ ಹಿಡಿಸಿತು. ನನ್ನ ಬದುಕು ನಡೆದದ್ದೇ ಹಾಗಲ್ಲವೇ? ‘ನೇಕಾರನ ಮಗಗ ಇಂಜಿನಿಯರಿಂಗ್ ಎಲ್ಲಿ ಆಗ್ತೈತಿ’ ಎಂದವರ ಎದುರು ನನ್ನನ್ನು ನಾನೇ ಎತ್ತಿ ನಿಲ್ಲಿಸಿಕೊಂಡವನು ನಾನು.

ಬಂದವನೇ ಶೇಷಗಿರಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ‘ಹನ್ನೊಂದು ವರ್ಷ ಛೊಲೋ ಕೆಲಸ ಮಾಡೀಯಪಾ. ಅದನ್ನ ನೆನಸು. ಇದು ನಿನ್ನ ತಪ್ಪಲ್ಲ, ಹಲಗಿದು. ಮುಂಜಾನೆದ್ದು ಕನ್ನಡಿ ಮುಂದ ನಿಂತು ಹೇಳ್ಕೋ.’

ವಿಧೇಯ ಮನುಷ್ಯ, ವಾರಗಟ್ಟಲೆ ಹೇಳಿಕೊಂಡ. ಆಮೇಲೆ ಬಂದು ಬಾಗಿಲಲ್ಲಿ ನಿಂತ.

‘ಹೇಳ್ಕೊಂಡ್ನಿರಿ ಸಾಹೇಬ್ರ. ಕನ್ನಡ್ಯಾಗಿನವ ಕೇಳವಲ್ಲ. ನಾ ಏನು ಮಾಡೀನಿ ಅಂತ ಅವಗ ಗೊತ್ತೈತ್ರಿ.’

ಅವನೇ ಮುಂದುವರಿಸಿದ: ‘ಹಲಗಿ ಒಂದ ಇತ್ತು, ಖರೆ. ಆದ್ರ ಯಾಕೋಬಣ್ಣ ಮ್ಯಾಲೆ ಅದಾನ ಅನ್ನೂದು ನನ್ನ ತಲ್ಯಾಗ ಇರಬೇಕಿತ್ತು. ಇರಲಿಲ್ಲ. ನೌಕರಿ ಬಿಡ್ತೀನ್ರಿ. ಈ ತಿಂಗಳ ಆಖೇರಿಗೆ.’

ನೌಕರಿ ಬಿಟ್ಟು ಏನು ಮಾಡುತ್ತೀ ಎಂದರೆ ಕೈ ಮುಗಿದು ಹೊರಟುಬಿಟ್ಟ. ಆ ಕಣ್ಣು ನೋಡಿ ನನಗೆ ಹೆದರಿಕೆಯಾಯಿತು. ಬಿಡುವುದು ನೌಕರಿಯೊಂದನ್ನೇ ಅಲ್ಲ ಅನ್ನಿಸಿತು. ಮರುದಿನವೇ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಬೆಟಗೇರಿಗೆ ಹೊರಟೆ. ದಾರಿಯುದ್ದಕ್ಕೂ ಅವನು ಹೇಳಿದ್ದು ಒಂದೇ ಮಾತು: ‘ಹೊಡದ್ರ ಹೊಡೀಲ್ರಿ. ನೀವು ನಡುವ ಬರಬ್ಯಾಡ್ರಿ.’

ಯಾಕೋಬ ಕಟ್ಟೆಯ ಮೇಲೆ ಕೂತಿದ್ದ. ಗಾಯ ಮಾಗಿತ್ತು. ಶೇಷಗಿರಿಯನ್ನು ಕಂಡವನೇ ಎದ್ದು ನಿಂತ. ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು.

‘ಜೋಳ ಛೊಲೋ ಇದ್ವು’ ಎಂದ ಯಾಕೋಬ. ‘ರೊಟ್ಟಿ ಬೆಳ್ಳಗ ಬಂದ್ವು. ಆದ್ರ ಇನ್ನ ಕಳಸಬ್ಯಾಡ.’

‘ಅಷ್ಟರ ಮಾಡಾಕ ಬಿಡು, ಯಾಕೋಬಣ್ಣ.’

ಯಾಕೋಬ ಎರಡು ಬೆರಳಿಲ್ಲದ ಎಡಗೈ ಮುಂದೆ ಹಿಡಿದ. ‘ಎಷ್ಟು ಚೀಲಕ್ಕ ಒಂದು ಬಟ್ಟು? ಹೇಳು. ನೀ ಕಳಸೂದು, ನಾ ಎಣಸೂದು, ಇದು ಮುಗಿಯೂದರ ಯಾವಾಗ? ಒಳಗ ಬಾ, ಕುಂಡ್ರು.’

ಇಷ್ಟರಲ್ಲಿ ನಾನು ಬಾಯಿ ಹಾಕಿದೆ. ‘ನೋಡು ಯಾಕೋಬ, ಇದರಾಗ ಇವನ ತಪ್ಪೇನೂ...’

‘ತಪ್ಪು ಇವಂದ ರೀ ಸಾಹೇಬ್ರ’ ಎಂದು ಯಾಕೋಬ ಅಲ್ಲಿಗೇ ತಡೆದ. ದನಿ ಏರಿಸಲಿಲ್ಲ. ‘ಹಲಗಿ ಹ್ಯಾಂಡಲ್ ಎತ್ತಲಿಲ್ಲ. ಇವ ಎತ್ತಿದ. ದವಾಖಾನ್ಯಾಗ ಎರಡು ತಿಂಗಳ ಬೈದೀನಿ ಇವನ್ನ. ಇವರಪ್ಪನ್ನೂ ಬಿಟ್ಟಿಲ್ಲ, ಇವರಜ್ಜನ್ನೂ ಬಿಟ್ಟಿಲ್ಲ.’ ಆಮೇಲೆ ಶೇಷಗಿರಿಯ ಕಡೆ ತಿರುಗಿದ. ‘ನೀ ತಪ್ಪು ಮಾಡೀದಿ. ಅದಕ್ಕ ನಿನ್ನ ಕ್ಷಮಾ ಮಾಡೇನಿ. ತಪ್ಪ ಇಲ್ಲ ಅಂದ್ರ ನಾ ಎದಕ್ಕ ಕ್ಷಮಾ ಮಾಡ್ಲಿ?’

ಶೇಷಗಿರಿ ಗೋಡೆಗೆ ಒರಗಿ ಕುಸಿದು ಕೂತ. ಅಷ್ಟು ತಿಂಗಳುಗಳಲ್ಲಿ ಅವನು ಅತ್ತದ್ದನ್ನು ನಾನು ನೋಡಿದ್ದು ಅಂದೇ. ‘ಹೌದು, ನಂದ ತಪ್ಪು. ನಂದ ತಪ್ಪು’ ಎಂದು ಹೇಳಿಕೊಂಡು ಅತ್ತ. ವಿಚಿತ್ರವೆಂದರೆ, ನಾನು ಅಷ್ಟು ಸಲ ‘ನಿನ್ನ ತಪ್ಪಲ್ಲ’ ಎಂದಾಗ ಬಿಗಿದುಕೊಂಡೇ ಇದ್ದ ಮುಖ ಈಗ ಸಡಿಲವಾಯಿತು.

ಯಾಕೋಬನ ಹೆಂಡತಿ ಮಾರ್ತವ್ವ ಚಹಾ ತಂದಳು. ಲೋಟವನ್ನು ಶೇಷಗಿರಿಯ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು. ‘ಇವರೇನೋ ಕ್ಷಮಾ ಮಾಡ್ಯಾರ್ರಿ. ನಾ ಇನ್ನೂ ಮಾಡಿಲ್ಲ. ಇವರು ಮುಂದ ಹೋಗ್ಯಾರ, ನಾ ಹಿಂದಿಂದ ನಡಕೋತ ಬರಾಕ ಹತ್ತೀನಿ. ಚಾ ಕುಡೀರಿ, ಆರಿ ಹೋಗ್ತೈತಿ.’

ನನಗೆ ಕೇಳದೆ ಇರಲಾಗಲಿಲ್ಲ. ‘ಯಾಕೋಬ, ಇವ ಏನು ಮಾಡ್ಯಾನಂತ ಕ್ಷಮಾ ಮಾಡಿದಿ? ಏನು ಗಳಿಸ್ಯಾನ?’

‘ಏನೂ ಗಳಿಸಿಲ್ರಿ. ಗಳಿಸಿದ್ರ ಅದಕ್ಕ ಪಗಾರ ಅಂತಾರ. ಗಳಿಸದ ಸಿಕ್ಕಿದ್ದಕ್ಕ ನಮ್ಮೊಳಗ ಕೃಪಾ ಅಂತಾರ. ದೇವರು ನನಗ ಹಂಗ ಕೊಟ್ಟಾನ, ನಾನೂ ಏನೂ ಗಳಿಸಿರಲಿಲ್ಲ. ಅದನ್ನ ಕಟ್ಟಿ ಇಟ್ಕೊಂಡು ಕುಂಡ್ರಾಕ ಬರೂದಿಲ್ರಿ. ಮುಂದ ದಾಟಸಬೇಕು.’

ಗಳಿಸಿಯೇ ಬದುಕಿದವನು ನಾನು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಇದು ಸುಲಭವಾಗಲಿಲ್ಲವೇ, ಪುಕ್ಕಟೆ ಆಗಲಿಲ್ಲವೇ ಎಂದು ಜೀಪಿನಲ್ಲಿ ಮರಳುವ ದಾರಿಯುದ್ದಕ್ಕೂ ಒಳಗೊಳಗೇ ತಕರಾರು ತೆಗೆಯುತ್ತಿದ್ದೆ. ಆದರೆ ಪುಕ್ಕಟೆ ಎನ್ನಲು ಯಾಕೋಬನ ಸುಟ್ಟ ಕೈ ಒಪ್ಪಲೊಲ್ಲದು. ಪಡೆದವನಿಗೆ ಪುಕ್ಕಟೆ, ಕೊಟ್ಟವನಿಗೆ ಅಲ್ಲ.

ಕ್ಷಮಿಸುವುದು ಬೇರೆ, ಅವನ ಮಾತಿನ ಮೇಲೆ ಕಂಬ ಹತ್ತುವುದು ಬೇರೆ. ಶೇಷಗಿರಿ ತಿಂಗಳ ಕೊನೆಗೆ ಬಿಡುತ್ತೇನೆಂಬ ಮಾತನ್ನು ಇನ್ನೂ ಹಿಂದೆಗೆದುಕೊಂಡಿರಲಿಲ್ಲ. ಅಷ್ಟರಲ್ಲಿ ಯಾಕೋಬ ಡಾಕ್ಟರರಿಂದ ಫಿಟ್ ಅನ್ನಿಸಿಕೊಂಡು ಡ್ಯೂಟಿಗೆ ಬಂದ. ನಾನು ಅವನಿಗೆ ನೆಲದ ಮೇಲಿನ ಕೆಲಸ ಹಾಕಿದ್ದೆ. ಅವನು ಬೆಲ್ಟು ಕಟ್ಟಿಕೊಂಡು ನೇರ ಸಬ್‌ಸ್ಟೇಷನ್ನಿಗೆ ನಡೆದ. ಅಂಗಳದಲ್ಲಿ ಫಕೀರಪ್ಪ ಮತ್ತು ಹುಡುಗರು ನೋಡುತ್ತ ನಿಂತಿದ್ದರು.

‘ಎಲ್.ಸಿ. ಕೊಡಪಾ ಶೇಷಗಿರಿ.’

‘ನನ್ನ ಕೇಳಬ್ಯಾಡ, ಯಾಕೋಬಣ್ಣ. ಇನ್ನೊಂದು ತಾಸಿಗೆ ಮುಂದಿನ ಡ್ಯೂಟಿಯವ ಬರ್ತಾನ. ಅವನ್ನ ಕೇಳು.’

‘ನಿನ್ನ ಕೇಳೀನಿ.’

ಫಕೀರಪ್ಪ ಕೂಗಿದ: ‘ಲೇ ಯಾಕೋಬ, ಎರಡು ಬಟ್ಟು ಕೊಟ್ಟದ್ದು ಸಾಲಲಿಲ್ಲೇನಲೇ? ಉಳಿದ ಎಂಟೂ ಕೊಡಾಕ ಬಂದೀ ಏನು?’

‘ಸುಮ್ಮನಿರೋ ಮಾರಾಯಾ. ಚೈನ್ ತಾ.’

ಇಷ್ಟೊತ್ತಿಗೆ ನಾವು ಹೊಸ ಚೈನುಗಳನ್ನು ತರಿಸಿದ್ದೆವು. ಅವನ ಹೆಗಲ ಮೇಲೆ ಎರಡು ಚೈನು ಕಂಡು ನಾನು ಕೇಳಿದೆ: ‘ಅಷ್ಟು ನಂಬಿಕಿ ಇದ್ದವಗ ಎರಡು ಚೈನ್ ಯಾಕೋ?’

‘ಕ್ಷಮಾ ಬ್ಯಾರೆ, ಅರ್ಥಿಂಗ್ ಬ್ಯಾರೆ ರೀ ಸಾಹೇಬ್ರ’ ಎಂದ ಯಾಕೋಬ. ಫಕೀರಪ್ಪನೂ ನಕ್ಕ. ಶೇಷಗಿರಿಯ ತುಟಿಯೂ ಸಡಿಲಾಯಿತು.

ಶೇಷಗಿರಿ ಹ್ಯಾಂಡಲ್ ಇಳಿಸಿದ. ಹಲಗೆ ತೂಗುಹಾಕಿದ. ‘ಕೊಟ್ಟೀನಿ’ ಎಂದ, ದನಿ ಸಣ್ಣದಾಗಿತ್ತು. ಯಾಕೋಬ ಹೋಗಿ ಕಂಬದ ಎರಡೂ ಕಡೆ ಚೈನು ಬಿಗಿದು, ಉಳಿದ ಬೆರಳುಗಳಲ್ಲಿ ಹಿಡಿತ ನೋಡಿಕೊಂಡು ಹತ್ತಿದ. ಸಬ್‌ಸ್ಟೇಷನ್ನಿನಲ್ಲಿ ಶೇಷಗಿರಿ ಹ್ಯಾಂಡಲ್ಲಿಗೆ ಬೆನ್ನು ಕೊಟ್ಟು, ಯಾರೂ ಹತ್ತಿರ ಬರದಂತೆ ನಿಂತೇ ಇದ್ದನಂತೆ. ಯಾಕೋಬ ಮರಳಿ ಬಂದು ‘ತಗೋ, ಇಳದೀನಿ’ ಎಂದ ಮೇಲೆ ಅವನು ಹ್ಯಾಂಡಲ್ ಎತ್ತಿದ. ಈ ಸಲ ಅಂಗಳದಲ್ಲಿ ಸುತ್ತು ಹಾಕಲಿಲ್ಲ. ಮರುದಿನದಿಂದ ಫಕೀರಪ್ಪನ ಹುಡುಗರೂ ಅವನ ಎಲ್.ಸಿ. ತೆಗೆದುಕೊಂಡರು. ನೌಕರಿ ಬಿಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಮುಂದಿನ ವಾರ ಶೇಷಗಿರಿ ಒಂದು ಯೋಜನೆ ತಂದ. ಎಲ್.ಸಿ. ತೆಗೆದುಕೊಂಡ ಪ್ರತಿಯೊಬ್ಬನೂ ಹ್ಯಾಂಡಲ್ಲಿಗೆ ತನ್ನದೇ ಬೀಗ ಜಡಿದು ಕೀಲಿ ತನ್ನ ಹತ್ತಿರ ಇಟ್ಟುಕೊಳ್ಳಬೇಕು. ಎಲ್ಲರೂ ಬಂದು ತೆಗೆಯದೆ ಹ್ಯಾಂಡಲ್ ಏಳಬಾರದು. ಹುಡುಗರಿಗೆ ಅವನೇ ಹೇಳಿದ: ‘ನನ್ನ ತಲಿ ನಂಬಬ್ಯಾಡ್ರೋ. ಅದು ಮರೀತೈತಿ. ಕೀಲಿ ನಿಮ್ಮ ಕಿಸೇದಾಗ ಇರಲಿ.’

ಹಿಂದಿನ ಶೇಷಗಿರಿ ಈ ಮಾತು ಆಡುತ್ತಿರಲಿಲ್ಲ. ಹನ್ನೊಂದು ವರ್ಷ ತಪ್ಪಿಲ್ಲದವನೆಂಬ ಹೆಸರು ಕಾಯುವುದರಲ್ಲೇ ಅವನು ಗಟ್ಟಿಯಾಗಿದ್ದ. ಆ ಹೆಸರು ಬಿದ್ದಾಗ ಅದನ್ನೇ ಮತ್ತೆ ಎತ್ತಿ ನಿಲ್ಲಿಸಲು ನಾನು ಹೆಣಗಿದೆ. ಯಾಕೋಬ ಅದನ್ನು ಬಿದ್ದಲ್ಲೇ ಬಿಟ್ಟು ಮನುಷ್ಯನನ್ನು ಎತ್ತಿದ. ಆತ್ಮಗೌರವ ಬೇಡವೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ನಾನು ಮಗ್ಗದ ಕುಣಿಯಿಂದ ಮೇಲೆ ಬರುತ್ತಿರಲಿಲ್ಲ. ಆದರೆ ಅದು ಗೆದ್ದವನನ್ನು ಮುಂದೆ ನಡೆಸುತ್ತದೆ. ಬಿದ್ದವನ ಹತ್ತಿರ ಅದಕ್ಕೆ ಮಾತಿಲ್ಲ. ನಾನು ಹುಟ್ಟಿದ ಧರ್ಮದಲ್ಲೇ ಇದ್ದೇನೆ, ಅಲ್ಲೇ ಇರುತ್ತೇನೆ. ಯಾಕೋಬನ ಮನೆಯಲ್ಲಿ ಕಂಡದ್ದನ್ನು ಮಾತ್ರ ಕಂಡಿಲ್ಲ ಎನ್ನಲಾರೆ.

೧೯೮೮ರಲ್ಲಿ ನಾನು ಮುಂಡರಗಿಯಲ್ಲಿದ್ದಾಗ ಹೊಸ ಆಪರೇಟರ್‌ಗಳಿಗೆ ಪಾಠ ಹೇಳಲು ಶೇಷಗಿರಿಯನ್ನು ಕರೆಸಿದೆ. ಹುಡುಗರು ಗದ್ದಲ ಮಾಡುತ್ತಿದ್ದರು. ಅವನು ಅದೇ ಗಂಧ, ಅದೇ ಕೊರಳತನಕದ ಗುಂಡಿಯಲ್ಲಿ ಒಳಗೆ ಬಂದ. ಎಲ್ಲರನ್ನೂ ಒಮ್ಮೆ ನೋಡಿ, ತಲೆ ತಗ್ಗಿಸದೆ, ಶುರು ಮಾಡಿದ:

‘ನಾ ಒಬ್ಬನ ಕೈ ಸುಟ್ಟವ. ಕುಂಡ್ರಿ, ಹೆಂಗಾತು ಅಂತ ಹೇಳ್ತೀನಿ.’