ಮೇಲಿನ ಗಲ್ಲಿಯ ಆರು ಸುತ್ತು

ಲಷ್ಕರ್ ಮೊಹಲ್ಲಾದ ಎರಡು ಬೀದಿಗಳಿಗೆ ನೀರು ಬಿಡುವ ಕೆಲಸ ಮಂಟಯ್ಯನವರದು. ದಿನ ಬಿಟ್ಟು ದಿನ, ಬೆಳಿಗ್ಗೆ ಆರಕ್ಕೆ, ಎದೆಯೆತ್ತರದ ಕಬ್ಬಿಣದ ಕೀಲಿ ಹೆಗಲಿಗಿಟ್ಟು ಬರುತ್ತಾರೆ. ಗುಂಡಿಯ ಮುಚ್ಚಳ ಸರಿಸಿ, ಕೀಲಿ ಇಳಿಸಿ, ವಾಲ್ವ್ ತಿರುಗಿಸುತ್ತಾರೆ. ಆಮೇಲೆ ಕೀಲಿಯ ಹಿಡಿಗೆ ಕಿವಿ ಕೊಟ್ಟು ಕೂರುತ್ತಾರೆ. ಮೊದಲು ಗಾಳಿ ಸೀಳುವ ಸದ್ದು, ನಂತರ ನೀರಿನ ತುಂಬು ಸದ್ದು.

“ನಾನ್ ಕೂಗಿದ್ರೆ ಕೇಳ್ಸಕಿಲ್ಲ, ಪೈಪು ಉಸ್ರಾಡಿದ್ರೆ ಕೇಳ್ಸುತ್ತೆ ಈವಯ್ಯಂಗೆ” ಎಂದು ಹೆಂಡತಿ ಸೋಮಮ್ಮ ನೆರೆಯವರಿಗೆ ಹೇಳುವುದುಂಟು.

ಕೆಳಬೀದಿ ತಗ್ಗು, ಮೇಲಿನ ಗಲ್ಲಿ ಏರು. ಎರಡಕ್ಕೂ ನೀರು ತರುವ ಪೈಪು ಒಂದೇ, ಕೆಳಬೀದಿಗೆ ಅದರಿಂದ ಒಂದು ಕವಲು. ಅದನ್ನು ಹೂತಾಗ ಎರಡೂ ಕಡೆ ಸೇರಿ ನಲವತ್ತು ಹೆಂಚಿನ ಮನೆಗಳಿದ್ದವು. ಈಗ ಕೆಳಬೀದಿಯಲ್ಲಿ ಮೂರಂತಸ್ತಿನ ಮನೆಗಳು, ಮನೆಗೊಂದು ಸಂಪು. ಸಂಪುಗಳು ತುಂಬುವ ಹೊತ್ತಿಗೆ ಸರದಿಯೇ ಮುಗಿದು, ಮೇಲಿನವರಿಗೆ ಹನಿಯೂ ಸಿಗುತ್ತಿರಲಿಲ್ಲ. ಹದಿನಾರು ವರ್ಷಗಳ ಹಿಂದೊಂದು ದಿನ, ಸರದಿ ಮುಗಿಯಲು ಕಾಲು ಗಂಟೆ ಇರುವಾಗ, ಮಂಟಯ್ಯ ಕೆಳಬೀದಿಯ ವಾಲ್ವನ್ನು ಆರು ಸುತ್ತು ಬಿಗಿದರು. ನೀರು ಮೇಲೇರಿತು. ಅಂದಿನಿಂದ ಪ್ರತಿ ಸರದಿಗೂ ಬಿಗಿದರು. ಯಾರೂ ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ.

ಈ ವರ್ಷ ಸುಷ್ಮಿತಾ ಎಂಬ ಎಂಜಿನಿಯರ್ ಬಂದರು. ಊರು ಬೆಳೆಯುತ್ತಿದೆ, ಮಳೆ ನಂಬುವಂತಿಲ್ಲ, ಇರುವ ನೀರನ್ನೇ ಅಳೆದು ಹಂಚಬೇಕು. ಇನ್ನು ಮುಂದೆ ವಾಲ್ವುಗಳನ್ನು ಕಚೇರಿಯ ಕಂಪ್ಯೂಟರ್ ತಿರುಗಿಸುತ್ತದೆ. ಅದಕ್ಕೆ ಮೊದಲು ನೀರು ಏರದ ಬೀದಿಗಳಿಗೆ ಹೊಸ ಪೈಪು ಎಂದರು. ವಾಲ್ವಿನ ಗುಂಡಿಯ ಬಳಿ ನಿಂತು ಮಂಟಯ್ಯನಿಗೆ ಆ ಬೀದಿಗಳ ಪಟ್ಟಿ ಓದಿ ಹೇಳಿದರು.

“ಮೇಡಂ, ಮೇಲಿನ್ ಗಲ್ಲಿ ಬಿಟ್ಟೋಗ್ಯದೆ.”

“ಅಲ್ಲಿಂದ ಹದಿನಾರು ವರ್ಷದಿಂದ ಒಂದು ದೂರೂ ಇಲ್ವಲ್ಲ ಮಂಟಯ್ಯನವರೇ. ನೀರು ಸರಿಯಾಗಿ ಬರ್ತಿದೆ ಅಂತಲೇ ಅರ್ಥ.”

ಮಂಟಯ್ಯ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟರು. ಅಲ್ಲಿಂದಲೇ ಆರು ಸುತ್ತಿನ ವಿಷಯ ಹೇಳಿದರು.

ಸುಷ್ಮಿತಾ ಸಿಟ್ಟಾಗಲಿಲ್ಲ. “ಅದನ್ನೇ ಕಂಪ್ಯೂಟರಿಗೂ ಹೇಳ್ಕೊಡಬಹುದು. ಆದ್ರೆ ಕೆಳಗೆ ಇನ್ನು ನಾಲ್ಕು ಸಂಪು ಎದ್ದರೆ ಆ ಕಾಲು ಗಂಟೆನೂ ಸಾಲಲ್ಲ. ಪೈಪೇ ಬೇಕು. ಪಟ್ಟಿ ಕಳಿಸೋಕೆ ಎಂಟು ದಿನ ಇದೆ. ಮೂರು ಸರದಿ ನೀವು ಆ ಆರು ಸುತ್ತಿಗೆ ಕೈ ಹಾಕ್ಬೇಡಿ. ಗಲ್ಲಿಯ ಕೊನೇ ನಲ್ಲಿಗೆ ಮೀಟರ್ ಹಾಕ್ತೀನಿ. ಜೊತೆಗೆ ಬರವಣಿಗೇಲಿ ಒಂದು ದೂರು ಬರ್ಲಿ.”

ಕೊನೆಯ ನಲ್ಲಿ ಬೋರಮ್ಮನದು. ಅವರು ಮನೆಯ ಮುಂದೆಯೇ ಹಮಾಲಿಗಳಿಗೆ ಮುದ್ದೆ, ಬಸ್ಸಾರಿನ ಊಟ ಹಾಕುವವರು. ಮೊದಲ ಸರದಿಯಂದು ಅವರ ಬೈಗುಳ ಕೆಳಬೀದಿಯ ತನಕ ಕೇಳಿಸಿತು. ಎರಡನೆಯ ಸರದಿಗೆ ಕೆಳಬೀದಿಯಿಂದ ಕೊಡ ಹೊತ್ತು ಏರು ಹತ್ತಿದರು; ಮಂಟಯ್ಯನ ಮುಂದೆಯೇ ಹಾದುಹೋದರೂ ತಿರುಗಿ ನೋಡಲಿಲ್ಲ. ಕಾಲು ಗಂಟೆ ಉಳಿದಾಗ ಮಂಟಯ್ಯನ ಕೈ ತಾನಾಗಿಯೇ ಕೀಲಿಗೆ ಹೋಯಿತು. ಕೀಲಿಯನ್ನು ಗುಂಡಿಯಿಂದ ಮೇಲಕ್ಕೆಳೆದು ರಸ್ತೆಯ ಮೇಲೆ ಮಲಗಿಸಿದರು.

ಮೂರನೆಯ ಸರದಿ ಮುಗಿದ ಸಂಜೆ ಕಾಗದ, ಪೆನ್ನು ಹಿಡಿದು ಬೋರಮ್ಮನ ಮನೆಗೆ ಹೋದರು.

“ಬಾರಪ್ಪ ಧಣಿ. ತಟ್ಟೆ ತೊಳ್ಯಕ್ಕೆ ಬಂದ್ಯಾ?”

“ದೂರು ಬರ್ಸು ಬೋರಕ್ಕ. ನನ್ ಮೇಲೆ.”

ಎಲ್ಲ ಹೇಳಿದರು. ಬೋರಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡರು.

“ಇಷ್ಟ್ ವರ್ಷ ಸುಮ್ನೆ ನೀರ್ ಕೊಟ್ಬುಟ್ಟು, ನಮ್ಮನ್ನ ಪಟ್ಟಿಯಿಂದಾನೇ ತೆಗ್ಸ್‌ಬುಟ್ಟಲ್ಲೋ ಮಂಟಯ್ಯ!”

“ಊಂ ಕಣಕ್ಕ.”

ಆ ‘ಊಂ’ ಕೇಳಿ ಬೋರಮ್ಮನ ದನಿ ತಗ್ಗಿತು. “ನಿನ್ ಮೇಲೆ ನಾನ್ ದೂರು ಕೊಡಕಿಲ್ಲ. ಪೈಪಿನ್ ಮೇಲೆ ಕೊಡ್ತೀನಿ. ಬರ್ಕೋ. ಮೂರ್ ಸರದಿಯಿಂದ ಹನಿ ನೀರಿಲ್ಲ.”

ಮಂಟಯ್ಯ ತೊಡೆಯ ಮೇಲೆ ಕಾಗದವಿಟ್ಟು ಬರೆದರು.

“ಅದ್ಕೂ ಮುಂಚೆ ನೀರ್ ಬರ್ತಿದ್ದಿದ್ದು ಮಂಟಯ್ಯನ ದೆಸೆಯಿಂದ. ಅದ್ನೂ ಬರಿ.”

“ದೂರಲ್ಲಿ ಅದೆಲ್ಲ ಬರಿಯಂಗಿಲ್ಲ ಕಣಕ್ಕ.”

“ಬರಿಯೋಗಂಟ ನಾನ್ ಸೈನ್ ಹಾಕಕಿಲ್ಲ.”

ಮಂಟಯ್ಯ ಆ ಸಾಲನ್ನು ಆದಷ್ಟು ಚಿಕ್ಕ ಅಕ್ಷರಗಳಲ್ಲಿ ಬರೆದರು. ಬೋರಮ್ಮ ಸಹಿ ಹಾಕಿ, ಬಾಗಿಲಲ್ಲೇ ನಿಂತು ಗಲ್ಲಿಯವರನ್ನೆಲ್ಲ ಕೂಗಿದರು. ಇಪ್ಪತ್ತೇಳು ಮನೆಯವರು ಬಂದು ಸಹಿ ಹಾಕಿದರು.

ಮುಂದಿನ ಸರದಿಯ ಬೆಳಿಗ್ಗೆ ಸುಷ್ಮಿತಾ ಗುಂಡಿಯ ಬಳಿಗೇ ಬಂದು ಆ ದೂರನ್ನು ಮೀಟರಿನ ಸೊನ್ನೆಗಳ ಜೊತೆಗಿಟ್ಟು ಓದಿದರು. ಚಿಕ್ಕ ಅಕ್ಷರದ ಸಾಲನ್ನು ಹೊಡೆದುಹಾಕಲಿಲ್ಲ. ಪಟ್ಟಿಯ ತುದಿಗೆ ಮೇಲಿನ ಗಲ್ಲಿಯ ಹೆಸರು ಸೇರಿಸಿದರು.

“ಅಗಿಯೋದು ಯಾವಾಗ ಮೇಡಂ?”

“ಬೇಗ ಅಂದ್ರೂ ದಸರಾ ಕಳೀಬೇಕು.”

“ಅಲ್ಲೀಗಂಟ?”

ಸುಷ್ಮಿತಾ ಕೈಗಡಿಯಾರ ನೋಡಿಕೊಂಡು ಸ್ಕೂಟರ್ ಹತ್ತಿದರು. “ಮೂರು ಸರದಿ ಮುಗೀತಲ್ಲ. ಇವತ್ತಿನದು ಮುಗಿಯೋಕೆ ಇನ್ನು ಕಾಲು ಗಂಟೆ ಇದೆ. ಹೋಗಿ.”