ಜಿರಾಫೆ ಕರುವಿಗೆ ಎಮ್ಮೆಯ ಗಿಣ್ಣ

“ಅಯ್ಯ ಶಿವನ! ಆರಡಿ ಮ್ಯಾಲಿಂದ ಬಿದ್ರ ಕರು ಉಳೀತೈತೇನ ತಂಗಿ?”

ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ನನ್ನ ಮಗಳ ಕೈ ಹಿಡಿದೇಬಿಟ್ಟರು. ಜಿರಾಫೆ ನಿಂತುಕೊಂಡೇ ಈಯುತ್ತದೆ, ಕರು ಆರಡಿ ಎತ್ತರದಿಂದ ನೆಲಕ್ಕೆ ಬೀಳುತ್ತದೆ ಎಂದು ಅವಳು ಪುಸ್ತಕ ನೋಡಿ ಗಟ್ಟಿಯಾಗಿ ಓದಿದ್ದಳು, ಅಷ್ಟೇ.

ಕೆಳಗೆ ಹುಲ್ಲು ಹಾಸುವವರು ಯಾರು? ಕರುವಿನ ಮೂಗು ಒರೆಸುವವರು ಯಾರು? ಎಷ್ಟೋ ಎಮ್ಮೆಗಳ ಬಾಣಂತನ ಮಾಡಿದ ಅಜ್ಜಿಗೆ ಸಿಟ್ಟೇ ಬಂದಿತ್ತು. ಅವರು ಇಳಿಯುವ ಸ್ಟಾಪು ಬಂತು. ಕಂಡಕ್ಟರ್ ಎರಡು ಸಲ ಕೂಗಿದರು. ಜಪ್ಪಯ್ಯ ಎಂದರೂ ಅಜ್ಜಿ ಏಳಲಿಲ್ಲ.

ಮಗಳು ಗಡಿಬಿಡಿಯಲ್ಲಿ ಪುಟ ತಿರುವಿದಳು. “ಅಜ್ಜೀ, ಏನೂ ಆಗಂಗಿಲ್ಲಂತರಿ! ಒಂದ್ ತಾಸಿನ್ಯಾಗ ಎದ್ದು ನಿಲ್ಲತೈತಂತರಿ!”

ಅಜ್ಜಿಗೆ ಹೋದ ಜೀವ ಬಂದಂತಾಯಿತು. ಮಾಳಮಡ್ಡಿಯ ಮಗಳಿಗೆಂದು ಒಯ್ಯುತ್ತಿದ್ದ ಡಬ್ಬಿ ತೆರೆದು, ಮೊನ್ನೆ ಈದ ತಮ್ಮ ಎಮ್ಮೆಯ ಗಿಣ್ಣವನ್ನು ನಮ್ಮಿಬ್ಬರ ಅಂಗೈಗೂ ಹಾಕಿದರು. “ಛಲೋ ಸುದ್ದಿ ಹೇಳೀದಿ, ಬಾಯಿ ಸಿಹಿ ಮಾಡ್ಕೋ” ಎಂದು ಮುಂದಿನ ಸ್ಟಾಪಿನಲ್ಲಿ ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು.

ಜಿರಾಫೆಯ ವಿಷಯವನ್ನು ಮಗಳು ಈಗಲೂ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾಳೆ. ಆದರೆ “ಮೊದಲ ಹೇಳ್ತೇನಿ, ಕರು ಆರಾಮ ಐತಿ” ಎಂದೇ ಶುರು ಮಾಡುತ್ತಾಳೆ.