ನಲವತ್ನಾಲ್ಕನೇ ವಯಸ್ಸಿನ ಮದುಮಗ

ನಂಬದೆ ಇರುವ ತಾಕತ್ತಿದ್ದರೆ ನಂಬದೆ ಇರಿ, ನೋಡುವ. ನಲವತ್ನಾಲ್ಕನೇ ವಯಸ್ಸಿನಲ್ಲಿ, ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಸ್ವಂತ ಹೆಂಡತಿಯನ್ನು ಕಾಣಲು ನಾನು ಕಾವೂರಿನ ಅತ್ತೆಮನೆಗೆ ಹಿತ್ತಿಲ ಕಡೆಯಿಂದ, ಒಣಮೀನಿನ ಪೊಟ್ಟಣ ಹಿಡಿದುಕೊಂಡು, ಕಳ್ಳನ ಹಾಗೆ ಹೋಗಿದ್ದೇನೆ. ಬಂದರಿನಲ್ಲಿ ಈ ಕಥೆ ಹೇಳಿದಾಗ ಒಬ್ಬನೂ ನಂಬಲಿಲ್ಲ. ಅದು ಅವರ ತಪ್ಪಲ್ಲ. ಮಂತ್ರಿ ಬರುತ್ತಾರೆಂದು ಸುದ್ದಿ ಹಬ್ಬಿಸಿ ನಾಲ್ಕು ಮಂಡಿ ಸಾಹುಕಾರರನ್ನು ಹಾರ ಹಿಡಿಸಿ ದೋಣಿ ನಿಲ್ಲುವ ದಕ್ಕೆಯಲ್ಲಿ ಮಧ್ಯಾಹ್ನದವರೆಗೆ ನಿಲ್ಲಿಸಿದವನು ನಾನು. ಆ ನಾಲ್ವರೂ ಆಮೇಲೆ ನನ್ನ ಹೋಟೆಲಿಗೇ ಬಂದು ಊಟ ಮಾಡಿದರು ಎಂಬುದು ನನ್ನ ಹೋಟೆಲಿನ ಸಾರಿನ ಹೆಗ್ಗಳಿಕೆ.

ಹೆಂಡತಿಯ ಹೆಸರು ಸುಮತಿ. ಬಲ್ಮಠದ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರು. ನಮಗೆ ಮಕ್ಕಳಾಗಲಿಲ್ಲ. ಮೊದಲ ಹತ್ತು ವರ್ಷ ಊರವರು ಕೇಳುತ್ತಿದ್ದರು, ಆಮೇಲೆ ಬಿಟ್ಟರು. ಕೇಳುವಾಗ ಸಿಟ್ಟು ಬರುತ್ತದೆ. ಕೇಳುವುದನ್ನು ಬಿಟ್ಟ ಮೇಲೆ ತಿಳಿಯುತ್ತದೆ, ಕೇಳುವವರಿಗಾದರೂ ಆಸೆ ಇತ್ತು ಎಂದು. ನಾವು ಹೇಗೋ ಒಗ್ಗಿಕೊಂಡಿದ್ದೆವು. ಒಂದು ಜೂನ್ ತಿಂಗಳಲ್ಲಿ ಸುಮತಿಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಪುಟ್ಟ ಹುಡುಗಿಯ ಕೈ ಹಿಡಿದು ಶಾಲೆಗೆ ಬಂದು, 'ಟೀಚರ್, ಇವಳು ನನ್ನ ಮಗಳು. ನಿಮ್ಮ ಕೈಕೆಳಗೇ ಕಲಿಯಲಿ' ಎಂದಳಂತೆ. ಅಂದು ಸಂಜೆ ಸುಮತಿ ಚಹಾ ಕುಡಿಯುತ್ತಾ ಕೇಳಿದಳು, 'ಒಮ್ಮೆ ಡಾಕ್ಟರತ್ರ ಹೋಗಿ ಬರುವಾ?' ಅವಳಿಗೆ ಆಗ ನಲವತ್ತೊಂದು.

ಬಲ್ಮಠದ ಲೇಡಿ ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿ, 'ದೋಷ ಎಂತದೂ ಇಲ್ಲ, ಪ್ರಾಯ ಆಯ್ತು ಅಷ್ಟೆ. ಆಗಲೂಬಹುದು, ಆಗದೆ ಇರಲೂಬಹುದು' ಎಂದರು. ಗಾಜಿನ ನಳಿಗೆಯಲ್ಲಿ ಮಗು ಹುಟ್ಟಿಸಿದ ಸುದ್ದಿ ಪೇಪರಿನಲ್ಲಿ ಬರುತ್ತಿದ್ದ ಕಾಲ. ನಾನು ಆ ವಿಷಯ ಎತ್ತಿದೆ. ಸುಮತಿ, 'ಬರುವುದಾದರೆ ಅದಾಗಿಯೇ ಬರಲಿ' ಎಂದಳು. ಅದಾಗಿಯೇ ಬರುವುದಕ್ಕೂ ಎಷ್ಟು ಕೆಲಸ ಇದೆ ಎಂದು ನಮಗೆ ಆಮೇಲೆ ಗೊತ್ತಾಯಿತು. ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಅವಳು ಥರ್ಮಾಮೀಟರ್ ಬಾಯಲ್ಲಿಟ್ಟು ಉಷ್ಣ ನೋಡಬೇಕು, ಬರೆದಿಡಬೇಕು, ಉಷ್ಣ ಏರುವ ದಿನದ ಹಿಂದುಮುಂದನ್ನು ಲೆಕ್ಕ ಹಾಕಿ ಗರ್ಭ ನಿಲ್ಲಬಹುದಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಬೇಕು. ಲೆಕ್ಕದ ಟೀಚರಿಗೆ ಇಂಥ ಕೆಲಸ ಸಿಕ್ಕಿದರೆ ಕೇಳಬೇಕೇ? ಗ್ರಾಫ್ ಕಾಗದ ಬಂತು. ಗೆರೆ ಮೇಲೆ ಹೋಗುವುದು, ಕೆಳಗೆ ಬರುವುದು. ಘಟ್ಟದ ರಸ್ತೆಯ ಹಾಗಿದ್ದ ಆ ಗೆರೆಯಲ್ಲಿ ಯಾವ ತಿರುವಿನಲ್ಲಿ ಬಸ್ಸು ನಿಲ್ಲುತ್ತದೆ ಎಂದು ಹೇಳುವವಳು ಅವಳು. ಓಡಿ ಹೋಗಿ ಹತ್ತಬೇಕಾದವನು ನಾನು.

ಇಂಥದ್ದನ್ನು ನೋಡಿ ಸುಮ್ಮನಿರುವ ಜಾತಿಯವನಲ್ಲ ನಾನು. ಒಂದು ಬೆಳಿಗ್ಗೆ ಅವಳು ಕಣ್ಣು ಬಿಡುವ ಮೊದಲು ಥರ್ಮಾಮೀಟರನ್ನು ಬಿಸಿ ಕಾಫಿಯಲ್ಲಿ ಅದ್ದಿದೆ. ನೂರಾ ಐದು ತೋರಿಸಿ ಅವಳನ್ನು ಹೆದರಿಸುವ ಅಂದಾಜು. ಅದು ಟಪ್ಪೆಂದು ಒಡೆದು ಪಾದರಸ ನೆಲದ ತುಂಬ ಓಡಿತು. ಸುಮತಿ ಎದ್ದು ನೋಡಿದಳು. ಬೈಯಲಿಲ್ಲ. ನೆಲದಲ್ಲಿ ಕೂತು ಕಾಗದದ ಚೂರಿನಲ್ಲಿ ಆ ಬೆಳ್ಳಿ ಹನಿಗಳನ್ನು ಒಂದೊಂದಾಗಿ ಕೂಡಿಸುತ್ತಾ, 'ಇದೊಂದು ನಿಮ್ಮ ಆಟಕ್ಕೆ ಬೇಡ' ಎಂದಳು. ಹತ್ತೊಂಬತ್ತು ವರ್ಷದಲ್ಲಿ ನನ್ನ ಎಷ್ಟೋ ಹುಡುಗಾಟಗಳಿಗೆ ನಕ್ಕವಳು. ಹೋಟೆಲು ತೆರೆಯುವ ಮೊದಲು ನಾನು ಹೋಗಿ ಎರಡು ಥರ್ಮಾಮೀಟರ್ ತಂದುಕೊಟ್ಟೆ.

ಈಗ ಸ್ವಲ್ಪ ಪಾಂಡಿತ್ಯ. ನಮ್ಮಲ್ಲಿ ಕುಟುಂಬ ಹೆಣ್ಣಿನ ಕಡೆಯಿಂದ ಬೆಳೆಯುತ್ತದೆ. ನನ್ನ ಮಗು ನನ್ನ ಕುಟುಂಬದ್ದಲ್ಲ, ಹೆಂಡತಿಯ ಕುಟುಂಬದ್ದು. ನನ್ನ ಕುಟುಂಬಕ್ಕೆ ನನ್ನ ಅಕ್ಕನ ಮಕ್ಕಳು. ಇದಕ್ಕೊಂದು ಹಳೆಯ ಕಥೆ ಇದೆ. ಒಬ್ಬ ಅರಸನ ಹಡಗು ಹೊರಡಬೇಕಾದರೆ ಭೂತ ಅವನ ಒಬ್ಬ ಮಗನನ್ನು ಬಲಿ ಕೇಳಿತಂತೆ. ಹೆಂಡತಿ ಕೊಡುವುದಿಲ್ಲ ಎಂದಳು. ತಂಗಿ ತನ್ನ ಮಗನನ್ನು ಕೊಡಲು ಒಪ್ಪಿದಳು, ಭೂತ ಮೆಚ್ಚಿ ಅವನನ್ನು ಉಳಿಸಿತು. ಅಂದಿನಿಂದ ಆಸ್ತಿ ಅಳಿಯನಿಗೆ, ಎಂದರೆ ಸೋದರಿಯ ಮಗನಿಗೆ. ಕಥೆ ಹೇಳುವವರೆಲ್ಲ ತಂಗಿಯನ್ನು ಹೊಗಳುತ್ತಾರೆ. ನನಗೆ ಮಾತ್ರ ಚಿಕ್ಕಂದಿನಿಂದಲೂ ಆ ಹೆಂಡತಿಯ ಮೇಲೆಯೇ ಗೌರವ. ಇರಲಿ. ನಮ್ಮ ಕಾಲಕ್ಕೆ ಕಾನೂನು ಬದಲಾಗಿತ್ತು, ಬಾಯಿ ಬದಲಾಗಿರಲಿಲ್ಲ. ನನ್ನ ಸೋದರಮಾವ, 'ನಿನಗೆ ಮಕ್ಕಳು ಯಾಕೆ ಮಾರಾಯ, ಅಕ್ಕನಿಗೆ ನಾಲ್ಕು ಇಲ್ವಾ?' ಎಂದು ಸಮಾಧಾನ ಹೇಳುತ್ತಿದ್ದರು. ಸುಮತಿಯೋ ತಾಯಿಗೆ ಒಬ್ಬಳೇ ಮಗಳು. ಅವಳಿಗೆ ಆಗದಿದ್ದರೆ ಅವರ ಮನೆಯ ಬಳ್ಳಿ ಅಲ್ಲಿಗೇ ನಿಂತಿತು. ಹಾಗಾಗಿ ಕೇಳಿದವರಿಗೆಲ್ಲ ನಾನು ಜಂಬದಿಂದ ಹೇಳುತ್ತಿದ್ದೆ, 'ಇದು ಅವರ ಮನೆಯ ಕೆಲಸ. ನಾನು ಬರೀ ಸಹಾಯಕ.'

ಹೋಟೆಲಿಗೆ ಮೀನು ಕೊಡುತ್ತಿದ್ದ ಗಿರಿಜಕ್ಕನಿಗೆ ಈ ಸಂಗತಿ ಹೇಗೋ ಗೊತ್ತಾಯಿತು. ಬಂದರಿನಲ್ಲಿ ಬುಟ್ಟಿ ಇಟ್ಟು ಕೂರುವ ಅವಳಿಗೆ ಆರು ಮಕ್ಕಳು. ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತರುವಾಗ ಅರ್ಧ ಖಾರ ಹೋಗಿದೆ, ಕ್ಷಮಿಸಿ.

'ಎಂತ ಶೆಟ್ರೆ, ಈಗ ದಿನ ನೋಡಿ ಬಲೆ ಹಾಕುದಂತೆ?'

'ಡಾಕ್ಟರು ಹೇಳಿದ್ದು ಗಿರಿಜಕ್ಕ.'

'ನಮ್ಮವರು ಹದಿನೈದು ದಿನ ಕಡಲಲ್ಲಿ, ಎರಡು ದಿನ ಮನೆಯಲ್ಲಿ. ಯಾವ ಕ್ಯಾಲೆಂಡರೂ ಇಲ್ಲ. ಆರಾಯ್ತು.'

'ಹಾಗಾದ್ರೆ ನಾನೂ ಕಡಲಿಗೆ ಹೋಗ್ಬೇಕಾ?'

'ನೀವು ಹೋದ್ರೆ ಮೀನು ನಗಾಡಿ ಓಡಿ ಹೋದಾವು' ಎಂದು ಅವಳು ಬುಟ್ಟಿ ಎತ್ತಿದಳು. ಎರಡು ಹೆಜ್ಜೆ ಹೋದವಳು ತಿರುಗಿ, 'ಟೀಚರಮ್ಮನಿಗೆ ಹೇಳಿ, ನಾನು ಮಾರಿಯಮ್ಮನಿಗೆ ಹೂವಿನ ಹರಕೆ ಹೇಳಿಕೊಂಡಿದ್ದೇನೆ' ಎಂದಳು.

ಮುಂದೆ ಬಂದದ್ದು ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೋಗಿ ಕೂರಬೇಕು. ಗಂಡ ಹೆಂಡತಿ ಒಟ್ಟಿಗೆ ಇರಬಾರದು. ಆಟಿಯಲ್ಲಿ ಬಸುರಾದರೆ ಹೆರಿಗೆ ಸುಡುಬೇಸಿಗೆಗೆ ಬೀಳುತ್ತದೆ ಎಂದು ಹಿರಿಯರ ಲೆಕ್ಕಾಚಾರ. ನಮ್ಮ ಮದುವೆಯ ಮೊದಲ ಆಟಿಯಲ್ಲಿ ಸುಮತಿ ಕಾವೂರಿನಲ್ಲಿ ಐದೇ ದಿನ ಕೂತದ್ದು. ಆರನೆಯ ದಿನ ನಾನು, 'ಜೋರು ಜ್ವರ, ಗಂಜಿ ಕೊಡುವವರೂ ಇಲ್ಲ' ಎಂದು ಸುಳ್ಳು ಹೇಳಿ ಕಳಿಸಿ ಕರೆಸಿಕೊಂಡಿದ್ದೆ. ಅವಳು ಓಡಿ ಬಂದಾಗ ನಾನು ಬಾಗಿಲಲ್ಲಿ ನಿಂತು ಸುಟ್ಟ ಒಣ ಬಂಗುಡೆ ಮೀನು ತಿನ್ನುತ್ತಿದ್ದೆ. ಎಷ್ಟು ನಕ್ಕಿದ್ದೆವು. ಅತ್ತೆ ಮಾತ್ರ ಆ ಐದು ದಿನವನ್ನು ಮರೆತಿರಲಿಲ್ಲ. ನಾವು ಡಾಕ್ಟರ ಹತ್ತಿರ ಹೋಗಿದ್ದೇವೆಂದು ತಿಳಿದ ಕೂಡಲೇ ಪೇಟೆಗೆ ಬಂದು ಜಗಲಿಯಲ್ಲಿ ಕೂತರು.

'ಮೊದಲ ಆಟಿ ಮುರಿದದ್ದೇ ದೋಷ. ಈ ಸಲ ಇವಳು ಸರಿಯಾಗಿ ತಿಂಗಳು ಪೂರ್ತಿ ಕೂರಲಿ. ಆಮೇಲೆ ಹೊಸದಾಗಿ ಸುರು ಮಾಡಿ.'

ಎಪ್ಪತ್ತರ ಹೆಂಗಸು, ಅಷ್ಟು ಆಸೆಯಿಂದ ಹೇಳುವಾಗ ಯಾರು ಇಲ್ಲ ಎನ್ನುತ್ತಾರೆ? ಅದರಲ್ಲೂ ದೋಷ ಎನ್ನುವುದು ನನ್ನ ಸುಳ್ಳು ಜ್ವರ. ಸುಮತಿ ಪೆಟ್ಟಿಗೆ ಕಟ್ಟಿ ಕಾವೂರಿಗೆ ಹೋದಳು, ಅಲ್ಲಿಂದಲೇ ಬಸ್ಸಿನಲ್ಲಿ ಶಾಲೆಗೆ. ಕ್ಯಾಲೆಂಡರಿನ ಗುರುತು ಸರಿಯಾಗಿ ಆಟಿಯ ನಡುವೆ ಬಿದ್ದಿತ್ತು. ಶಾಲೆಯ ಗೇಟಿನ ಹತ್ತಿರ ಹೋಗಿ ಅವಳನ್ನು ಕೇಳಿದೆ, 'ಬಿಟ್ಟ ಮೇಲೆ ಒಮ್ಮೆ ಮನೆಗೆ ಬಂದು ಹೋಗು.'

'ಆಟಿ ಮುಗಿಯುವವರೆಗೆ ನಿಮ್ಮ ಹೊಸ್ತಿಲು ದಾಟುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ.'

'ಹಾಗಾದ್ರೆ ಈ ತಿಂಗಳು ಹೋಯ್ತಾ?'

ಅವಳು ಅತ್ತಿತ್ತ ನೋಡಿ, 'ನೀವು ಅಮ್ಮನ ಹೊಸ್ತಿಲು ದಾಟುವುದಿಲ್ಲ ಅಂತ ಯಾರೂ ಮಾತು ಕೊಟ್ಟಿಲ್ಲ. ಶನಿವಾರ ಅರ್ಧ ದಿನ ಶಾಲೆ. ಊಟ ಆದ ಮೇಲೆ ಅಮ್ಮ ಮಲಗ್ತಾರೆ' ಎಂದಳು. ನನ್ನ ಜೊತೆ ಬಾಳಿ ಅವಳೂ ಕೆಟ್ಟಿದ್ದಾಳೆ ಎಂದು ನನಗೆ ಬಹಳ ಹೆಮ್ಮೆಯಾಯಿತು.

ಸಿಕ್ಕಿಬಿದ್ದರೆ ಹೇಳಲು ಒಂದು ನೆಪ ಬೇಕಲ್ಲ? ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ, ಹಸಿಮೀನು ಇಲ್ಲ. ಗಿರಿಜಕ್ಕನ ಕೈಯಿಂದ ಒಣಮೀನು ಕಟ್ಟಿಸಿಕೊಂಡು ಶನಿವಾರ ಎರಡು ಗಂಟೆಯ ಬಸ್ಸಿನಲ್ಲಿ ಹೋದೆ. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಕೆರೆಯ ದಾರಿಯಲ್ಲಿ ಇಳಿದು ಹಿತ್ತಿಲ ಬೇಲಿ ದಾಟಿ ದನದ ಹಟ್ಟಿಯ ಮಗ್ಗುಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಒಂದು ಬೆಕ್ಕು ಬಂತು. ಆಮೇಲೆ ಇನ್ನೆರಡು. ಬಂದರಿನ ದೊಡ್ಡ ದೊಡ್ಡ ತಲೆಗಳನ್ನು ಏಮಾರಿಸಿದ ನನಗೆ ಒಣಮೀನಿನ ಹಿಂದೆ ಬೆಕ್ಕು ಬರುತ್ತದೆ ಎಂದು ಹೊಳೆಯಲಿಲ್ಲ. ಮೂರೂ ಸೇರಿ ಕಾಲು ಸುತ್ತಿ ಕೂಗಿದ ಕೂಗಿಗೆ ಒಳಗಿನಿಂದ ಅತ್ತೆಯ ಸ್ವರ ಬಂತು.

'ಯಾರದು?'

'ನಾನು ಮಾಮಿ.'

'ಅಳಿಯಂದಿರು ಎದುರು ಬಾಗಿಲಲ್ಲಿ ಬರ್ತಾರೆ.'

'ಒಣಮೀನು ತಂದದ್ದು. ಅದನ್ನು ಎದುರಿನಿಂದ ತರಬಾರದು ಅಂತ ಹಿರಿಯರು ಹೇಳಿದ್ದುಂಟಲ್ಲ.'

'ಇಲ್ಲಿ ಹಿರಿಯಳು ನಾನೇ. ನಾನು ಹೇಳಿಲ್ಲ.'

ಅಡಿಗೆ ಮನೆಯ ಬಾಗಿಲಲ್ಲಿ ಸುಮತಿ ನಿಂತಿದ್ದಳು. ತಲೆಯಲ್ಲಿ ನಾಲ್ಕಾರು ಬಿಳಿಕೂದಲು, ಮುಖ ಮಾತ್ರ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯದು. ಸುಳ್ಳು ಹೇಳುವುದು ನನ್ನ ಇಲಾಖೆ, ಅವಳಿಗೆ ಅದು ಬರುವುದಿಲ್ಲ. ನೆಲ ನೋಡುತ್ತಾ ಹೇಳಿದಳು, 'ಅಮ್ಮ, ಡಾಕ್ಟರು ಹೇಳಿದ ದಿನ ಇವತ್ತು. ಇನ್ನು ಎಷ್ಟು ತಿಂಗಳು ನನಗೆ ಹೀಗೆ ದಿನ ಬರ್ತದೆ ಅಂತ ಗೊತ್ತಿಲ್ಲ.'

ಅತ್ತೆ ಒಳಗೆ ಹೋಗಿ ಬಾಳೆ ಎಲೆಯಲ್ಲಿ ಪತ್ರೊಡೆ ಕಟ್ಟಿಕೊಂಡು ಬಂದರು, ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡರು.

'ಇದನ್ನು ಪಕ್ಕದ ಮನೆಗೆ ಕೊಟ್ಟು ಬರ್ತೇನೆ. ಮಾತಾಡ್ತಾ ಕೂತ್ರೆ ಐದು ಗಂಟೆ ಆಗ್ತದೆ.' ಮೆಟ್ಟಿಲಿಳಿದವರು ನಿಂತು, ನಮ್ಮ ಕಡೆ ನೋಡದೆ ಹೇಳಿದರು, 'ಆಟಿ ಪ್ರತಿ ವರ್ಷ ಬರ್ತದೆ.'

ಬೆಕ್ಕುಗಳು ಅವರ ಹಿಂದೆ ಹೋಗಲಿಲ್ಲ.

ಆ ತಿಂಗಳು ಸುಮತಿಗೆ ತಡವಾಯಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಆಟಿ ಮುಗಿದು ಅವಳು ಮನೆಗೆ ಬಂದಳು. ಗ್ರಾಫಿನ ಗೆರೆ ಮೇಲೆ ಹೋದದ್ದು ಇಳಿಯಲಿಲ್ಲ. ನಾವು ಆ ವಿಷಯ ಮಾತಾಡಲಿಲ್ಲ, ಮಾತಾಡಿದರೆ ಹೆದರಿ ಹಾರಿಹೋಗುತ್ತದೋ ಎಂಬ ಹಾಗೆ. ನೀರಿನ ಕೊಡ ನಾನೇ ಎತ್ತಿದೆ. ಹನ್ನೊಂದು ದಿನ ಬಂದರಿನಲ್ಲಿ ಯಾರಿಗೂ ಒಂದು ಸುಳ್ಳು ಹೇಳಲಿಲ್ಲ. ಶೆಟ್ರಿಗೆ ಮೈಗೆ ಹುಷಾರಿಲ್ಲವೇ ಎಂದು ಗಿರಾಕಿಗಳು ವಿಚಾರಿಸಿದರು. ಆ ದಿನಗಳಲ್ಲಿ ಅವಳು ಪಾಠದ ಪುಸ್ತಕ ಓದುತ್ತಾ ಮಧ್ಯೆ ನಿಲ್ಲಿಸಿ, ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ಕೂರುತ್ತಿದ್ದಳು. ಹನ್ನೆರಡನೆಯ ದಿನ ಎಂದಿನಂತೆ ಶಾಲೆಗೆ ಹೋಗಿ, ಎಂದಿನಂತೆ ಬಂದು, ಸೀರೆ ಬದಲಾಯಿಸಿ, 'ಇಲ್ಲ' ಎಂದಳು. ಅಷ್ಟೇ.

ಅತ್ತೆ ಮರುವಾರ ಬಂದರು. ಆಟಿ ಮುರಿದದ್ದಕ್ಕೇ ಹೀಗಾಯಿತು ಎಂದು ಹೇಳುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಊಟ ಮಾಡಿ, ಎಲೆ ಅಡಿಕೆ ಹಾಕಿ, ಹೊರಡುವಾಗ ನನಗೆ ಮಾತ್ರ ಕೇಳುವಂತೆ ಹೇಳಿದರು, 'ಆ ಮೊದಲ ಆಟಿದ್ದು ದೋಷ ಎಂತದೂ ಅಲ್ಲ. ನಾನು ಸುಮ್ಮನೆ ಹೇಳಿದ್ದು. ಅದನ್ನು ನೀವು ಇಟ್ಟುಕೊಳ್ಬೇಡಿ.' ಜೀವಮಾನವಿಡೀ ಇತರರಿಗೆ ಸುಳ್ಳು ಹೇಳಿದ ನನಗೆ, ನನಗಾಗಿ ಒಬ್ಬರು ಹೇಳಿದ ಸುಳ್ಳು ಅಂದೇ ಮೊದಲು ಸಿಕ್ಕಿದ್ದು.

ಆಮೇಲೂ ಎರಡೂವರೆ ವರ್ಷ ಪ್ರಯತ್ನಪಟ್ಟೆವು. ನನ್ನ ಓರಗೆಯವರು ಮೊಮ್ಮಕ್ಕಳ ನಾಮಕರಣಕ್ಕೆ ಕರೆಯುತ್ತಿದ್ದರು. ಗುರುತಿನ ದಿನ ಬಿದ್ದರೆ ನಾವು ಊಟ ಮುಗಿಸಿ ಬೇಗ ಹೊರಡುತ್ತಿದ್ದೆವು. ಹೊಸ ಮದುಮಕ್ಕಳಿಗೂ ಅಷ್ಟು ಅವಸರ ಇರುವುದಿಲ್ಲ. ಸುಮತಿಗೆ ನಲವತ್ಮೂರು ದಾಟಿದ ಮೇಲೆ ಒಂದು ಭಾನುವಾರ ನಾನು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಸುರುಳಿ ಸುತ್ತಿ, 'ಸಾಕು ಸುಮತಿ, ನನಗೆ ನೀನಿದ್ದರೆ ಸಾಕು' ಎಂದೆ. ಅವಳು ತಲೆ ಆಡಿಸಿದಳು. ಸಂಜೆ ಇಬ್ಬರೂ ಕಡಲತೀರಕ್ಕೆ ಹೋಗಿ ಕಡಲೆ ತಿಂದು ಬಂದೆವು. ಆ ಗೋಡೆಯ ಮೇಲೆ ಎಷ್ಟೋ ಕಾಲ ಚೌಕದ ಗುರುತು ಇತ್ತು.

ಮಕ್ಕಳಾಗಲಿಲ್ಲ ಎಂದರೆ ಜನ ಏನೂ ಆಗಲಿಲ್ಲ ಎಂದುಕೊಳ್ಳುತ್ತಾರೆ. ಆ ಮೂರು ವರ್ಷದಲ್ಲಿ ಒಬ್ಬರಿಗೊಬ್ಬರು ಕಾದಷ್ಟು ನಾವು ಇಪ್ಪತ್ತೈದರಲ್ಲೂ ಕಾದಿರಲಿಲ್ಲ. ಬಾರದ ಅತಿಥಿಗಾಗಿ ಮನೆ ಗುಡಿಸಿದರೂ ಮನೆ ಚೊಕ್ಕಟವಾಗುತ್ತದೆ.

ಇಷ್ಟು ಬರೆದು ಸುಮತಿಗೆ ಓದಲು ಕೊಟ್ಟೆ. ಬೆಕ್ಕಿನ ಹತ್ತಿರ ನಕ್ಕಳು. ಕೊನೆಗೆ ಬಂದಾಗ ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಸರಿ, ಒಪ್ಪುತ್ತೇನೆ. ಇದರಲ್ಲಿ ನಾನು ಕಟ್ಟಿ ಹೇಳಿದ್ದು ಅದೊಂದೇ. ಸಾಕು ಎಂದವನು ನಾನಲ್ಲ, ಅವಳು. ಇನ್ನೊಂದೇ ತಿಂಗಳು ನೋಡುವ ಎಂದು ಬೇಡಿಕೊಂಡವನು ನಾನು. ಅವಳು ಆರು ತಿಂಗಳು ಕೊಟ್ಟಳು.